ಎಮ್ಮೆ ಬೂದಿ ಬಳಿದುಕೊಂಡದ್ದು ಯಾಕೆ?

ಪಾಂಡವಪುರದ ಕಡೆಯ ನಾಲೆ ಬಯಲು, ಬೆಳಗಿನ ಹತ್ತು ಗಂಟೆಯ ಬಿಸಿಲು. ಕೊಯ್ಲು ಮುಗಿದ ಗದ್ದೆಯಲ್ಲಿ ಎಮ್ಮೆಯೊಂದು ಮೇಯುತ್ತಿತ್ತು. ಅದರ ಬೆನ್ನ ಮೇಲೆ ಗೋವಕ್ಕಿ. ಎಮ್ಮೆ ಹೆಜ್ಜೆ ಎತ್ತಿಟ್ಟಾಗಲೆಲ್ಲ ಹುಲ್ಲಿನಿಂದ ಮಿಡತೆ ಏಳುತ್ತವೆ, ಹಕ್ಕಿಗೆ ಬೇಕಾದದ್ದೂ ಅದೇ. ನಾನು ಕ್ಯಾಮೆರಾ ಕೊಂಡು ತಿಂಗಳಾಗಿರಲಿಲ್ಲ, ಡಯಲ್ ಆಟೋದಲ್ಲೇ ಇತ್ತು. ಚೌಕಟ್ಟಿನ ತುಂಬ ಎಮ್ಮೆಯೇ ಬರುವಂತೆ ಝೂಮ್ ಮಾಡಿ ಕ್ಲಿಕ್ಕಿಸಿದೆ. ಕುತೂಹಲದಿಂದ ಹತ್ತಿರ ಬಂದ ಎಮ್ಮೆಯ ಯಜಮಾನರಿಗೆ ಪರದೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, “ಏನ್ ಸಾ, ನಮ್ಮೆಮ್ಮೆ ಬೂದಿ ಬಳ್ಕೊಂಡಂಗದೆ? ಮ್ಯಾಲಿದ್ದ ಹಕ್ಕಿ ಎಲ್ಲೋಯ್ತು?” ಅಂದರು.

ಹಕ್ಕಿ ಅಲ್ಲೇ ಇತ್ತು, ಬಿಳಿ ಕಾಗದ ಕತ್ತರಿಸಿ ಅಂಟಿಸಿದ ಹಾಗೆ. ಒಂದು ಗರಿಯ ಗೆರೆಯೂ ಇಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಗೋವಕ್ಕಿ ಬದುವಿನ ಮೇಲೆ ತೀರಾ ಹತ್ತಿರ ಬಂತು. ಈ ಸಲ ಹಕ್ಕಿಯೇ ಚೌಕಟ್ಟು ತುಂಬಿತು. ಚಿತ್ರ ನೋಡಿದರೆ ಹಕ್ಕಿ ವಾರದಿಂದ ಒಗೆಯದ ಪಂಚೆಯ ಬಣ್ಣಕ್ಕೆ ತಿರುಗಿತ್ತು. ಅದೇ ಬಿಸಿಲು, ಅದೇ ಜಾತಿಯ ಹಕ್ಕಿ, ಅದೇ ಕ್ಯಾಮೆರಾ. ಒಮ್ಮೆ ಅತಿ ಬಿಳುಪು, ಇನ್ನೊಮ್ಮೆ ಕೊಳಕು.

ತಪ್ಪು ಕ್ಯಾಮೆರಾದ್ದು ಎನ್ನುವಂತಿಲ್ಲ. ಅದರೊಳಗಿನ ಬೆಳಕಿನ ಮೀಟರಿಗೆ ಎಮ್ಮೆ, ಹಕ್ಕಿ ಎಂಬ ಭೇದ ತಿಳಿಯದು. ಅದು ಅಳೆಯುವುದು ವಸ್ತುವಿನಿಂದ ತಿರುಗಿ ಬರುವ ಬೆಳಕನ್ನು ಮಾತ್ರ. ಬೆಳಕು ಕಡಿಮೆ ಬಂತೆಂದರೆ ವಸ್ತುವೇ ಕಪ್ಪೋ, ಅಲ್ಲಿ ಬಿಸಿಲೇ ಕಮ್ಮಿಯೋ? ಮೀಟರಿಗೆ ಗೊತ್ತಾಗುವ ದಾರಿಯಿಲ್ಲ. ಹಾಗಾಗಿ ಅದು ಒಂದು ಊಹೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ: ಎದುರಿಗಿರುವುದೆಲ್ಲ ಒಟ್ಟಾರೆ ನಡುಬೂದು. ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಬೂದು ನಮ್ಮ ಕಣ್ಣಿಗೆ ಕಪ್ಪು-ಬಿಳುಪಿನ ನಟ್ಟನಡುವೆ ಇದ್ದಂತೆ ಕಾಣುತ್ತದೆ. ಅದಕ್ಕೇ ಆ ಲೆಕ್ಕ. ಎಮ್ಮೆ ತೋರಿಸಿದರೆ “ಬೆಳಕು ಸಾಲದು” ಎಂದು ಏರಿಸಿ ಬೂದಿ ಬಳಿಯುತ್ತದೆ, ಬೆನ್ನ ಮೇಲಿನ ಹಕ್ಕಿ ಆ ಏರಿಕೆಯಲ್ಲಿ ಸುಟ್ಟುಹೋಗುತ್ತದೆ. ಬಿಳಿಹಕ್ಕಿಯೊಂದನ್ನೇ ತೋರಿಸಿದರೆ “ಬೆಳಕು ಜಾಸ್ತಿಯಾಯಿತು” ಎಂದು ಇಳಿಸುತ್ತದೆ. ಹಸಿರು, ಮಣ್ಣು, ಮನೆ, ಜನ ಬೆರೆತ ದೃಶ್ಯದಲ್ಲಿ ಸರಾಸರಿ ನಡುಬೂದಿನ ಆಸುಪಾಸಿಗೇ ಬರುವುದರಿಂದ ಈ ಊಹೆ ಬಹುಪಾಲು ನಡೆದುಹೋಗುತ್ತದೆ. 1983ರಲ್ಲಿ ಬಂದ ನಿಕಾನ್ ಎಫ್‌ಎ ಕ್ಯಾಮೆರಾ ಚೌಕಟ್ಟನ್ನು ಐದು ಭಾಗ ಮಾಡಿ ಪ್ರತಿ ಭಾಗವನ್ನೂ ಬೇರೆಬೇರೆಯಾಗಿ ಅಳೆಯತೊಡಗಿತು. ಇಂದಿನವು ಮುಖವನ್ನೂ ಹಕ್ಕಿಯ ಕಣ್ಣನ್ನೂ ಗುರುತಿಸುತ್ತವೆ. ಊಹೆ ಜಾಣತನದ್ದಾಗಿದೆ, ಆದರೂ ಊಹೆಯೇ.

ನಮ್ಮ ಕಣ್ಣೂ ಈ ವಿಷಯದಲ್ಲಿ ನಂಬಿಕಸ್ಥ ಸಾಕ್ಷಿಯಲ್ಲ. ನಡುಹಗಲ ಬಯಲಿನಲ್ಲಿ ಲಕ್ಷ ಲಕ್ಸ್‌ನಷ್ಟು ಬೆಳಕಿದ್ದರೆ ರಾತ್ರಿ ದೀಪ ಹಚ್ಚಿದ ನಡುಮನೆಯಲ್ಲಿ ನೂರು ಲಕ್ಸ್ ಇದ್ದೀತು. ಸಾವಿರ ಪಟ್ಟು ಅಂತರ. ನಾವು ಒಳಗೆ ಬಂದು, ಕಣ್ಣು ಹೊಂದಿಸಿಕೊಂಡು, ಆರಾಮಾಗಿ ಪೇಪರ್ ಓದುತ್ತೇವೆ. ಛಾಯಾಗ್ರಾಹಕರ ಲೆಕ್ಕದಲ್ಲಿ ಆ ಅಂತರ ಹತ್ತು ‘ಸ್ಟಾಪ್’. ಬೆಳಕು ಇಮ್ಮಡಿಯಾದರೆ ಅಥವಾ ಅರ್ಧವಾದರೆ ಒಂದು ಸ್ಟಾಪ್. ಒಂದನ್ನು ಎರಡರಿಂದ ಹತ್ತು ಸಲ ಗುಣಿಸುತ್ತ ಹೋದರೆ ಸಾವಿರ ದಾಟುವುದನ್ನು ನೀವೇ ನೋಡಬಹುದು.

ಆಟೋ ಬಿಟ್ಟು ಲೆಕ್ಕವನ್ನು ನಾವೇ ವಹಿಸಿಕೊಳ್ಳುವ ಮ್ಯಾನುವಲ್, ಅಂದರೆ ಡಯಲಿನ ‘ಎಂ’, ಈ ಸ್ಟಾಪುಗಳ ಲೇವಾದೇವಿ. ಶಟರ್ ಸುಲಭ: ಸೆಕೆಂಡಿನ 1/500 ಭಾಗ ತೆರೆದಿದ್ದರೆ ಬರುವ ಬೆಳಕಿನಲ್ಲಿ ಅರ್ಧ 1/1000ಕ್ಕೆ ಬರುತ್ತದೆ. ಲೆನ್ಸಿನ ಕಿಂಡಿಯಾದ ಅಪರ್ಚರ್‌ನ ಅಂಕಿಗಳು ಮಾತ್ರ ಹೊಸಬರನ್ನು ಗಾಬರಿಗೊಳಿಸುತ್ತವೆ. 2, 2.8, 4, 5.6, 8, 11, 16. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಅದೂ ಈ ವಕ್ರ ಏರಿಕೆಯಲ್ಲಿ. ಲೆನ್ಸಿನ ನಾಭಿದೂರವನ್ನು ಈ ಅಂಕಿಯಿಂದ ಭಾಗಿಸಿದರೆ ಕಿಂಡಿಯ ಅಡ್ಡಳತೆ ಸಿಗುತ್ತದೆ. 50 ಮಿಲಿಮೀಟರ್ ಲೆನ್ಸಿಗೆ ಎಫ್ 2 ಎಂದರೆ 25 ಮಿಲಿಮೀಟರ್, ಎಫ್ 4 ಎಂದರೆ ಹನ್ನೆರಡೂವರೆ. ಅಡ್ಡಳತೆ ಅರ್ಧವಾದರೆ ದುಂಡು ಕಿಂಡಿಯ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್. ಅವೆರಡರ ನಡುವಿನ ಒಂದು ಮೆಟ್ಟಿಲಿಗೆ ಎರಡರ ವರ್ಗಮೂಲ 1.4ರಿಂದ ಗುಣಿಸಬೇಕು. 2.8 ಹುಟ್ಟಿದ್ದು ಹಾಗೆ.

ಮೂರನೆಯದು ಐಎಸ್ಒ. ಅದನ್ನು ಏರಿಸಿದರೆ ಸೆನ್ಸರ್ ಹೆಚ್ಚು ಸೂಕ್ಷ್ಮವಾಗುತ್ತದೆ ಎಂದು ಕ್ಯಾಮೆರಾ ಮಾರುವವರಿಂದ ಹಿಡಿದು ಕಲಿಸುವವರ ತನಕ ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಸೆನ್ಸರ್‌ಗೆ ಬಿದ್ದ ಬೆಳಕು ಬಿದ್ದಷ್ಟೇ. ಐಎಸ್ಒ ಅದರಿಂದ ಹುಟ್ಟಿದ ಸಂಕೇತವನ್ನು ದೊಡ್ಡದು ಮಾಡುತ್ತದೆ, ಹರಿಕಥೆಯ ಮೈಕ್ ದಾಸರ ದನಿಯನ್ನು ದೊಡ್ಡದು ಮಾಡುವ ಹಾಗೆ. ಹಾಗಾದರೆ ಐಎಸ್ಒ ಏರಿಸಿದ ಚಿತ್ರದಲ್ಲಿ ರವೆರವೆಯಾಗಿ ಕಾಣುವುದೇನು? ಮಳೆ ಶುರುವಾದ ಕ್ಷಣ ಅಂಗಳದ ಚಪ್ಪಡಿಗಳನ್ನು ನೋಡಿ. ಒಂದರ ಮೇಲೆ ನಾಲ್ಕು ಹನಿ, ಪಕ್ಕದ್ದರ ಮೇಲೆ ಒಂದು, ಇನ್ನೊಂದು ಒಣಗೇ ಇದೆ. ಅರ್ಧ ಗಂಟೆ ಸುರಿದ ಮೇಲೆ ಎಲ್ಲ ಒಂದೇ ಸಮ ಒದ್ದೆ. ಬೆಳಕೂ ಫೋಟಾನ್ ಎಂಬ ಹನಿಗಳಾಗಿಯೇ ಬೀಳುತ್ತದೆ. ಸರಾಸರಿ ನೂರು ಫೋಟಾನ್ ಎಣಿಕೆಯಾದ ಕಡೆ ಹತ್ತರಷ್ಟು ಹೆಚ್ಚುಕಡಿಮೆ ಸಹಜ, ನೂರಕ್ಕೆ ಹತ್ತು. ಹತ್ತು ಸಾವಿರ ಎಣಿಕೆಯಾದ ಕಡೆ ಏರುಪೇರು ನೂರರಷ್ಟು, ಅಂದರೆ ನೂರಕ್ಕೆ ಒಂದು ಮಾತ್ರ. ರವೆಯ ಬಹುಪಾಲು ಬೆಳಕಿನ ಬಡತನದ್ದು. ಐಎಸ್ಒ ಆ ಬಡತನವನ್ನು ಎತ್ತಿ ತೋರಿಸುತ್ತದೆ, ಅಷ್ಟೇ.

ಬಡತನಕ್ಕಾದರೂ ಕಂಪ್ಯೂಟರಿನಲ್ಲಿ ಒಂದಿಷ್ಟು ಮದ್ದುಂಟು, ಅತಿಯಾದ ಸಿರಿತನಕ್ಕೆ ಇಲ್ಲ. ಸೆನ್ಸರಿನ ಪ್ರತಿ ಪಿಕ್ಸೆಲನ್ನೂ ಒಂದು ಪಾವು ಎಂದುಕೊಳ್ಳಿ. ಬೆಳಕು ಎಬ್ಬಿಸಿದ ಎಲೆಕ್ಟ್ರಾನ್‌ಗಳನ್ನು ಅದು ತುಂಬಿಕೊಳ್ಳುತ್ತದೆ. ಪಾವು ತುಂಬಿ ಚೆಲ್ಲಿದ ಮೇಲೆ ಒಂದು ಹಿಡಿ ಚೆಲ್ಲಿತೋ ಒಂದು ಸೇರು ಚೆಲ್ಲಿತೋ, ಲೆಕ್ಕ ಹೇಳುವವರಿಲ್ಲ. ಅಕ್ಕಪಕ್ಕದ ಪಾವುಗಳೆಲ್ಲ ಹಾಗೆ ತುಂಬಿ ಚೆಲ್ಲಿದ ಜಾಗವೇ ನನ್ನ ಕಾಗದದ ಹಕ್ಕಿ. ಸೆನ್ಸರ್ ದಾಖಲಿಸಿದ್ದನ್ನು ಹಾಗೇ ಉಳಿಸುವ ರಾ ಫೈಲ್ ಇದ್ದರೂ ಆ ಗರಿಗಳು ಮರಳಿ ಬಾರವು.

ಅಂದಮೇಲೆ ಎಮ್ಮೆ, ಗೋವಕ್ಕಿ ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಳ್ಳಲು ಸಾಧ್ಯವೇ? ಬಿಳಿ ಗರಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತನ್ನು ಹಿಂದಿರುಗಿಸಿ, ಕಪ್ಪು ಚರ್ಮ ನಾಲ್ಕನ್ನೇ ಹಿಂದಿರುಗಿಸಿತೆನ್ನಿ. ಅಂತರ ಇಪ್ಪತ್ತೆರಡು ಪಟ್ಟು, ನಾಲ್ಕೂವರೆ ಸ್ಟಾಪ್. ಇಂದಿನ ಒಳ್ಳೆಯ ಸೆನ್ಸರ್ ಹತ್ತು ಸ್ಟಾಪಿಗಿಂತ ಹೆಚ್ಚಿನ ಅಂತರವನ್ನು ಹಿಡಿಯಬಲ್ಲದು. ಜಾಗಕ್ಕೇನೂ ಕೊರತೆಯಿಲ್ಲ, ಯಾವುದನ್ನು ಎಲ್ಲಿ ಕೂರಿಸಬೇಕು ಎಂಬುದೇ ಪ್ರಶ್ನೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಕಡುಗಪ್ಪಿನಿಂದ ಅಚ್ಚಬಿಳುಪಿನ ತನಕ ವಲಯಗಳನ್ನು ಗುರುತಿಸಿ ಕಲಿಸಿದ್ದು ಈ ಕೂರಿಸುವಿಕೆಯನ್ನೇ.

ಬಯಲಿನಲ್ಲಿ ಅಷ್ಟು ಶಾಸ್ತ್ರ ಬೇಕಿಲ್ಲ. ಫಿಲ್ಮ್ ಕಾಲದಿಂದ ಬಂದ ಒಂದು ಸೂತ್ರವಿದೆ, ‘ಸನ್ನಿ ಸಿಕ್ಸ್‌ಟೀನ್’. ನೆತ್ತಿಯ ಕಡೆ ಏರಿದ ಸೂರ್ಯ, ಮೋಡವಿಲ್ಲ ಎಂದಾದರೆ ಎಫ್ 16 ಇಟ್ಟು ಶಟರನ್ನು ಒಂದನ್ನು ಐಎಸ್ಒ ಅಂಕಿಯಿಂದ ಭಾಗಿಸಿದಷ್ಟು ಸೆಕೆಂಡಿಗೆ ಇಡಿ. ಐಎಸ್ಒ 400ಕ್ಕೆ 1/400. ರೆಕ್ಕೆ ಬಡಿಯುವ ಹಕ್ಕಿಗೆ ಇದು ನಿಧಾನವಾಯಿತು, ಹಾಗಾಗಿ ಕಿಂಡಿಯನ್ನು ಎರಡು ಸ್ಟಾಪ್ ಅಗಲಿಸಿ ಎಫ್ 8 ಮಾಡಿ, ಶಟರನ್ನು ಎರಡು ಸ್ಟಾಪ್ ಚುರುಕುಗೊಳಿಸಿ 1/1600ಕ್ಕೆ ತನ್ನಿ. ಬೆಳಕಿನ ಮೊತ್ತ ಬದಲಾಗಲಿಲ್ಲ. ಗರಿ ಸುಡದಿರಲೆಂದು ಡಯಲಿನ ಇನ್ನೆರಡು ಕ್ಲಿಕ್ (ಮೂರು ಕ್ಲಿಕ್ಕಿಗೆ ಒಂದು ಸ್ಟಾಪ್), 1/2500. ಸೂತ್ರ ಮರೆತರೆ ಅಂಗೈ ಇದೆ. ಹಕ್ಕಿಯ ಮೇಲೆ ಬಿದ್ದ ಬಿಸಿಲೇ ಬೀಳುವಂತೆ ಅಂಗೈ ಹಿಡಿದು ಅಳೆಯಿರಿ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುವುದರಿಂದ ಮೀಟರಿನ ಮುಳ್ಳು +1ರಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ಇಷ್ಟು ಮಾಡುವ ಮುನ್ನ ಆಟೋ ಐಎಸ್ಒ ಆಫ್ ಮಾಡಲು ಮರೆಯಬಾರದು. ನಾನು ಮರೆತು, ಡಯಲ್ ಎಷ್ಟು ತಿರುಗಿಸಿದರೂ ಚಿತ್ರ ಅಷ್ಟೇ ಬೆಳ್ಳಗಿದೆಯಲ್ಲ ಎಂದು ಒಂದು ಬೆಳಗು ಕಳೆದಿದ್ದೇನೆ.

ಹೀಗೆ ಇಟ್ಟ ಮೇಲಿನ ಸುಖ ಬೇರೆಯದೇ. ಹಕ್ಕಿ ಎಮ್ಮೆಯ ಬೆನ್ನಿಂದ ಹಾರಿ ಕಬ್ಬಿನ ಹಸಿರನ್ನು ದಾಟಿ ಬಿಳಿಚಿದ ಆಕಾಶಕ್ಕೆ ಏರುತ್ತದೆ. ಆಟೋದಲ್ಲಿದ್ದರೆ ಹಿನ್ನೆಲೆ ಬದಲಾದಂತೆ ಮೀಟರ್ ಮೂರು ಸಲ ಮನಸ್ಸು ಬದಲಿಸುತ್ತದೆ. ಹಕ್ಕಿಯ ಮೇಲಿನ ಬಿಸಿಲಾದರೋ ಅದೇ ಇದೆ, ನಿಮ್ಮ ಅಂಕಿಗಳೂ ಅವೇ ಇರಲಿ. ಹಾಗೆಂದು ‘ಎಂ’ ಬಿಟ್ಟು ಬೇರೆ ಮೋಡ್ ಮುಟ್ಟುವವರು ಫೋಟೊಗ್ರಾಫರೇ ಅಲ್ಲ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಕಾಡಿನ ನೆರಳು-ಬಿಸಿಲಿನಲ್ಲಿ ಓಡುವ ಪ್ರಾಣಿಯ ಹಿಂದೆ ಡಯಲ್ ತಿರುಗಿಸುತ್ತ ಕೂತರೆ ಸಿಗುವುದು ಬಾಲ ಮಾತ್ರ. ಅಲ್ಲಿ ಆಟೋ ಐಎಸ್ಒ ದೊಡ್ಡ ಉಪಕಾರಿ.

ಅದೇ ಬಯಲಿಗೆ ಎರಡು ವಾರ ಬಿಟ್ಟು ಹೋದೆ. ಎಮ್ಮೆ ಆಗಷ್ಟೇ ನಾಲೆಯಿಂದ ಎದ್ದು ಬಂದಿತ್ತು. ಒದ್ದೆ ಬೆನ್ನಿನ ಮಿಂಚುಗಳು ಪರದೆಯಲ್ಲಿ ಮಿಣಮಿಣ ಎಂದು ಎಚ್ಚರಿಸುತ್ತಿದ್ದವು. ಅವು ಸೂರ್ಯನದೇ ಪ್ರತಿಬಿಂಬ, ಚೆಲ್ಲಿದರೆ ಚೆಲ್ಲಲಿ ಎಂದು ಬಿಟ್ಟೆ. ಹಕ್ಕಿಯ ಗರಿಗಳು ಎಣಿಸುವಂತೆ ಬಂದವು. ಮರಿ ಮಾಡುವ ಕಾಲ ಹತ್ತಿರವಾದ್ದರಿಂದ ನೆತ್ತಿಯ ಮೇಲೆ ಕಿತ್ತಳೆ ಬಣ್ಣವೂ ಹತ್ತತೊಡಗಿತ್ತು. ಯಜಮಾನರು ಪರದೆಗೆ ಬಗ್ಗಿ, “ಈಗ್ ನೋಡಿ ಸಾ, ಎಮ್ಮೆ ಎಮ್ಮೆ ಇದ್ದಂಗದೆ” ಅಂದರು. ಇನ್ನೊಂದು ತೆಗೆಯೋಣವೆಂದು ಕಣ್ಣಿಗಿಟ್ಟೆ. ಅಷ್ಟರಲ್ಲಿ ಮೋಡ ಅಡ್ಡ ಬಂತು. ಎರಡು ಸ್ಟಾಪ್ ಬೆಳಕು ಹೋಯಿತು. ಆರು ಕ್ಲಿಕ್ ಎಣಿಸಿ 1/640ಕ್ಕೆ ಇಳಿಸಿ ತಲೆ ಎತ್ತಿದರೆ ಎಮ್ಮೆಯ ಬೆನ್ನು ಖಾಲಿ.