ಪ್ರವಾಸಿ ಕೈಪಿಡಿ ಎಷ್ಟು ದೂರ ಕೈಹಿಡಿದೀತು?

ಜರ್ಮನಿಗೆ ಹೊರಟುನಿಂತ ಬಂಧುಗಳು, ಪರಿಚಿತರು ಊರಿನಿಂದ ಕರೆ ಮಾಡಿದಾಗ ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗಿಲ್ಲ: ‘ಪ್ರವಾಸಿ ಕೈಪಿಡಿಯೊಂದನ್ನು ಕೊಂಡು ತರಬೇಕೇ? ತರುವುದಾದರೆ ಯಾವುದು?’ ನಕ್ಷೆ, ಅನುವಾದ, ರೈಲಿನ ವೇಳಾಪಟ್ಟಿ ಎಲ್ಲವೂ ಅಂಗೈಯ ಮೊಬೈಲ್‌ನಲ್ಲೇ ಸಿಗುವ ಕಾಲದಲ್ಲಿ ಈ ಪ್ರಶ್ನೆ ಹಳತೆನಿಸಬಹುದು. ಆದರೆ ಸ್ಟುಟ್‌ಗಾರ್ಟ್ ನಗರದಲ್ಲಿ ಹನ್ನೊಂದು ವರ್ಷಗಳಿಂದ ನೆಲೆಸಿರುವ ನನಗೆ ಇದು ಈಗಲೂ ತೂಕವುಳ್ಳ ಪ್ರಶ್ನೆಯೇ. ಪುಸ್ತಕದ ಬೆಲೆಯ ಲೆಕ್ಕ ಇಲ್ಲಿ ಮುಖ್ಯವಲ್ಲ. ಮಕ್ಕಳ ಮನೆಗೆಂದು ಮೂರು ತಿಂಗಳಿಗೆ ಬರುವ ಹಿರಿಯರು ಆ ದಿನಗಳನ್ನು ನಾಲ್ಕು ಗೋಡೆಗಳ ನಡುವೆ ಕಳೆಯುವರೋ, ತಾವಾಗಿಯೇ ಹೊರಗೆ ಹೆಜ್ಜೆಯಿಡುವರೋ ಎಂಬುದು ಎಷ್ಟೋ ವೇಳೆ ಅವರ ಕೈಯಲ್ಲಿರುವ ಮಾಹಿತಿಯನ್ನೇ ಅವಲಂಬಿಸಿರುತ್ತದೆ.

ಕೈಪಿಡಿಯ ಮೌಲ್ಯವನ್ನು ಅಳೆಯಲು ಅದರ ಹುಟ್ಟಿನ ಉದ್ದೇಶವೇ ಒಳ್ಳೆಯ ಅಳತೆಗೋಲು. ಕಾರ್ಲ್ ಬೇಡೆಕರ್ 1827ರಲ್ಲಿ ರೈನ್ ನದಿಯ ದಂಡೆಯ ಕೊಬ್ಲೆನ್ಜ್ ಪಟ್ಟಣದಲ್ಲಿ ಪ್ರಕಾಶನ ಸಂಸ್ಥೆಯನ್ನು ತೆರೆದರು. 1836ರಲ್ಲಿ ಲಂಡನ್ನಿನ ಜಾನ್ ಮರ್ರೆ ಅವರ ಕೈಪಿಡಿಗಳೂ ಬರತೊಡಗಿದವು. ಬೇಡೆಕರ್ ಅವರ ಕೆಂಪು ಹೊದಿಕೆಯ ಪುಸ್ತಕಗಳೂ, ನೋಡಲೇಬೇಕಾದ ತಾಣಗಳಿಗೆ ಅವು ಕೊಡುತ್ತಿದ್ದ ನಕ್ಷತ್ರಗಳೂ ಎಷ್ಟು ಹೆಸರಾದವೆಂದರೆ, ಯುರೋಪಿನಲ್ಲಿ ಆ ಹೆಸರೇ ಪ್ರವಾಸಿ ಕೈಪಿಡಿಗೆ ಪರ್ಯಾಯ ಪದವಾಯಿತು. ಬಾಡಿಗೆಯ ಮಾರ್ಗದರ್ಶಿ, ಗಾಡಿಯವನು, ಛತ್ರದ ಒಡೆಯ ಇವರ ಹಂಗಿಲ್ಲದೆ ಪ್ರವಾಸಿಗನು ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಮಾಡುವುದೇ ಆ ಪುಸ್ತಕಗಳ ಗುರಿಯಾಗಿತ್ತು. ಇಂದಿನ ಕೈಪಿಡಿಯನ್ನೂ ನಾನು ಅದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇದನ್ನು ಓದಿದವರು ಮತ್ತೊಬ್ಬರ ಹಂಗಿನಿಂದ ಎಷ್ಟರಮಟ್ಟಿಗೆ ಬಿಡುಗಡೆ ಪಡೆದಾರು?

ನನ್ನ ತಂದೆತಾಯಿ ಇಲ್ಲಿಗೆ ಬಂದಾಗ ಈ ಪ್ರಶ್ನೆಗೆ ಉತ್ತರವನ್ನು ಕಣ್ಣಾರೆ ಕಂಡೆ. ತಂದೆಯವರು ಹಾಸನದಲ್ಲಿ ಪ್ರೌಢಶಾಲಾ ಶಿಕ್ಷಕರಾಗಿದ್ದವರು. ಜರ್ಮನಿಯನ್ನು ಕುರಿತ ಇಂಗ್ಲಿಷ್ ಕೈಪಿಡಿಯೊಂದರ ನಾಲ್ಕೈದು ವರ್ಷ ಹಳೆಯ ಪ್ರತಿಯನ್ನು ಮೈಸೂರಿನಲ್ಲಿ ಕೊಂಡು, ಪಠ್ಯಪುಸ್ತಕಕ್ಕೆ ಮಾಡುವಂತೆಯೇ ಪೆನ್ಸಿಲ್‌ನಿಂದ ಗೆರೆಯೆಳೆದು ಓದಿ ಮುಗಿಸಿಯೇ ವಿಮಾನ ಹತ್ತಿದ್ದರು. ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಕಟ್ಟಿ ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ಹಣ ಮರಳಿ ಸಿಗುತ್ತದೆ ಎಂಬುದೆಲ್ಲ ಅವರಿಗೆ ನಾನು ಹೇಳುವ ಮೊದಲೇ ತಿಳಿದಿತ್ತು.

ಎರಡನೆಯ ವಾರದಲ್ಲಿ ಅವರು ಒಬ್ಬರೇ ವೈಸನ್‌ಹೋಫ್ ಬಡಾವಣೆಯನ್ನು ನೋಡಿ ಬಂದರು. 1927ರಲ್ಲಿ ಆಧುನಿಕ ವಾಸ್ತುಶಿಲ್ಪದ ಪ್ರದರ್ಶನಕ್ಕೆಂದು ಕಟ್ಟಿದ ಆ ಬಡಾವಣೆಯಲ್ಲಿ ಲೆ ಕಾರ್ಬುಸಿಯೇ ಅವರ ಎರಡು ಕಟ್ಟಡಗಳಿವೆ. 2016ರಿಂದ ಅವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ‘ನಮ್ಮ ಚಂಡೀಗಢ ಕಟ್ಟಿದವರದ್ದೇ ಮನೆ ಕಣಮ್ಮಾ, ನಿಮ್ಮೂರಲ್ಲೇ ಇದೆ. ನೀನು ನೋಡೇ ಇಲ್ವಲ್ಲ!’ ಎಂದು ಸಂಜೆ ನನ್ನನ್ನೇ ಕೇಳಿದರು. ಕೈಪಿಡಿಯ ನಿಜವಾದ ಉಪಯೋಗ ಇರುವುದು ಇಲ್ಲಿಯೇ. ಮೊಬೈಲ್ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನನ್ನು ಕೇಳಬೇಕು ಎಂಬುದನ್ನು ಒಳ್ಳೆಯ ಪುಸ್ತಕ ಕಲಿಸುತ್ತದೆ. ಒಂದು ದೇಶದ ಭೂಗೋಳ, ಇತಿಹಾಸ, ಊಟ, ನಡವಳಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸುವ ಕೆಲಸದಲ್ಲಿ ಅದಕ್ಕೆ ಸಾಟಿಯಾದುದನ್ನು ನಾನು ಇನ್ನೂ ಕಂಡಿಲ್ಲ.

ಆದರೆ ಅದೇ ಪುಸ್ತಕ ಎಲ್ಲೆಲ್ಲಿ ಸೋತಿತು ಎಂಬುದೂ ಅಷ್ಟೇ ಮುಖ್ಯ. ಮೊದಲನೆಯದು ದರ ಮತ್ತು ಪ್ರಯಾಣದ ನಿಯಮಗಳು. ದೇಶದಾದ್ಯಂತ ನಗರ ಸಾರಿಗೆ ಹಾಗೂ ಪ್ರಾದೇಶಿಕ ರೈಲುಗಳಲ್ಲಿ ನಡೆಯುವ ‘ಡಾಯ್ಚ್‌ಲ್ಯಾಂಡ್ ಟಿಕೆಟ್’ 2023ರ ಮೇ ತಿಂಗಳಲ್ಲಿ ಬಂದಾಗ ತಿಂಗಳಿಗೆ 49 ಯೂರೊ ಇತ್ತು. 2025ರ ಜನವರಿಯಿಂದ ಅದು 58 ಯೂರೊ ಆಯಿತು, 2026ಕ್ಕೆ 63ಕ್ಕೇರಿತು. ತಂದೆಯವರ ಪುಸ್ತಕದಲ್ಲಿ ಆ ಟಿಕೆಟ್ಟಿನ ಹೆಸರೇ ಇರಲಿಲ್ಲ. ನಮ್ಮ ಮುಖ್ಯ ರೈಲು ನಿಲ್ದಾಣದ ನಕ್ಷೆಯ ಕಥೆಯೂ ಹೀಗೆಯೇ. 2010ರಿಂದ ನಡೆದಿರುವ ನಿರ್ಮಾಣ ಕಾಮಗಾರಿಯಿಂದಾಗಿ ಪ್ಲಾಟ್‌ಫಾರ್ಮ್ ತಲುಪುವ ಕಾಲುದಾರಿಗಳು ಮತ್ತೆ ಮತ್ತೆ ಬದಲಾಗಿವೆ. ಇಂಥ ವಿಷಯಗಳಲ್ಲಿ ಅಚ್ಚಾದ ಪುಟವನ್ನು ನೆಚ್ಚುವುದು ಹಳೆಯ ಪಂಚಾಂಗ ನೋಡಿ ಹಬ್ಬ ಮಾಡಿದಂತೆ. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೊ.

ಎರಡನೆಯದು ಊಟ. ತಾಯಿಯವರು ಶುದ್ಧ ಸಸ್ಯಾಹಾರಿ. ನಮ್ಮ ಪ್ರಾಂತ್ಯದ ಹೆಮ್ಮೆಯ ತಿನಿಸು ‘ಮೌಲ್ಟಾಷೆನ್’ ಎಂದು ಪುಸ್ತಕ ಹೊಗಳಿತ್ತು. ಅದರ ಹೂರಣದಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ. ತರಕಾರಿ ಸೂಪಿನ ತಿಳಿಸಾರು ಮಾಂಸದ್ದಾಗಿರಬಹುದು, ಮಕ್ಕಳ ಅಂಟುಮಿಠಾಯಿಯಲ್ಲಿ ಪ್ರಾಣಿಜನ್ಯ ಜೆಲಟಿನ್ ಇರಬಹುದು ಎಂಬ ಎಚ್ಚರಿಕೆ ಅದರಲ್ಲಿರಲಿಲ್ಲ. ಕಡೆಗೆ ತಾಯಿಯವರಿಗೆ ಕೈಕೊಟ್ಟು ಕಾಪಾಡಿದ್ದು ‘ಕೇಸೆ ಸ್ಪೇಟ್ಜ್‌ಲೆ’ ಎಂಬ, ಶಾವಿಗೆಗೆ ಚೀಸ್ ಬೆರೆಸಿದ ತಿನಿಸೂ ಅಲ್ಲ. ಅದರ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಹೊರಗೆ ಹೊರಟಾಗಲೆಲ್ಲ ಜೊತೆಯಲ್ಲಿದ್ದ ಚಪಾತಿ, ಚಟ್ನಿಪುಡಿಯೇ ಗತಿಯಾಯಿತು.

ಮೂರನೆಯದು ಆರೋಗ್ಯ. ಒಂದು ಶನಿವಾರ ರಾತ್ರಿ ತಾಯಿಗೆ ಕಿವಿನೋವು ತಡೆಯಲಾರದಷ್ಟು ಹೆಚ್ಚಿತು. ಪುಸ್ತಕದಲ್ಲಿದ್ದದ್ದು ತುರ್ತು ಸೇವೆಯ 112 ಒಂದೇ. ಪ್ರಾಣಾಪಾಯವಿಲ್ಲದ, ಆದರೆ ಸೋಮವಾರದವರೆಗೆ ಕಾಯಲಾಗದ ತೊಂದರೆಗೆ ಇಲ್ಲಿ 116117 ಎಂಬ ಬೇರೆ ಸಂಖ್ಯೆಯಿದೆ. ರಾತ್ರಿ ಹಾಗೂ ರಜಾದಿನಗಳಲ್ಲಿ ಔಷಧದಂಗಡಿಗಳು ಸರದಿಯಂತೆ ತೆರೆದಿರುತ್ತವೆ. ಅಂದಿನ ಸರದಿ ಯಾರದ್ದೆಂದು ಪ್ರತಿ ಔಷಧದಂಗಡಿಯ ಬಾಗಿಲಲ್ಲಿ ಬರೆದಿರುತ್ತಾರೆ. ಹೊಸಬರ ಪಾಲಿಗೆ ಈ ಎರಡು ಸಾಲುಗಳು ಹತ್ತು ಕೋಟೆಗಳ ವರ್ಣನೆಗಿಂತ ಬೆಲೆಯುಳ್ಳವು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಮೊದಲೇ ಇರುವ ಮಧುಮೇಹ, ರಕ್ತದೊತ್ತಡಗಳ ಚಿಕಿತ್ಸೆಯನ್ನು ಹಲವು ಪಾಲಿಸಿಗಳು ಹೊರಗಿಡುತ್ತವೆ. ಹಿರಿಯರನ್ನು ಕರೆಸಿಕೊಳ್ಳುವವರು ಆ ಷರತ್ತುಗಳನ್ನು ತಾವೇ ಕುಳಿತು ಓದಬೇಕು.

ಇವೆಲ್ಲ ಬಿಟ್ಟುಹೋದದ್ದು ಲೇಖಕರ ಅಸಡ್ಡೆಯಿಂದಲ್ಲ ಎಂದು ನನಗೆ ಹೊಳೆದದ್ದು, ನಗರ ಗ್ರಂಥಾಲಯದಲ್ಲಿ ಅದೇ ಮಾಲಿಕೆಯ ಭಾರತದ ಸಂಪುಟವನ್ನು ತೆರೆದಾಗ. ಮೈಸೂರಿನ ಪುಟಗಳಲ್ಲಿ ಅರಮನೆ, ಚಾಮುಂಡಿ ಬೆಟ್ಟ, ದೇವರಾಜ ಮಾರುಕಟ್ಟೆ ಎಲ್ಲವೂ ಇದ್ದವು, ಬಹುಮಟ್ಟಿಗೆ ಸರಿಯಾಗಿಯೇ ಇದ್ದವು. ಜೊತೆಗೆ ನಲ್ಲಿ ನೀರು ಕುಡಿಯಬೇಡಿ, ಎಡಗೈಯಲ್ಲಿ ಏನನ್ನೂ ಕೊಡಬೇಡಿ ಎಂಬ ನಮಗೆ ಬೇಡದ ಬುದ್ಧಿಮಾತುಗಳೂ ಇದ್ದವು. ಅದು ಪಾಶ್ಚಾತ್ಯ ಓದುಗರಿಗೆಂದು ಬರೆದ ಪುಸ್ತಕ. ಜರ್ಮನಿಯ ಸಂಪುಟವೂ ಅವರಿಗೇ. ಇಲ್ಲಿ ನಲ್ಲಿ ನೀರು ಕುಡಿಯಲು ಯೋಗ್ಯ, ಹೋಟೆಲಿನಲ್ಲಿ ಮಾತ್ರ ಕೇಳದೆ ನೀರಿಡುವುದಿಲ್ಲ, ಇಟ್ಟರೂ ಬಹುಪಾಲು ದುಡ್ಡು ಕೊಡಬೇಕು ಎಂಬುದು ಅವರಿಗೆ ಹೊಸತಲ್ಲ; ಆದ್ದರಿಂದ ಬರೆಯುವ ಅಗತ್ಯ ಬೀಳುವುದಿಲ್ಲ. ಕೊಳ್ಳುವ ಮೊದಲು ಕೈಪಿಡಿಯನ್ನು ಪರೀಕ್ಷಿಸಲು ಇದೊಂದು ಸುಲಭ ಉಪಾಯ: ಆ ಪ್ರಕಾಶಕರು ನಿಮ್ಮ ಊರಿನ ಬಗ್ಗೆ ಏನು ಬರೆದಿದ್ದಾರೆ ನೋಡಿ. ನಿಮಗೆ ಗೊತ್ತಿರುವುದನ್ನು ಸರಿಯಾಗಿ ಹೇಳಿದ್ದರೆ, ಗೊತ್ತಿಲ್ಲದ್ದನ್ನೂ ನಂಬಬಹುದು. ಯಾರನ್ನು ಎದುರಿಗಿಟ್ಟುಕೊಂಡು ಬರೆದಿದ್ದಾರೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ನಮ್ಮ ಆಸಕ್ತಿಯ ವಿಷಯವೂ ಹೀಗೆಯೇ. ಟ್ಯೂಬಿಂಗೆನ್ ಪಟ್ಟಣಕ್ಕೆ ಹೋದವರಿಗೆ ಕವಿ ಹೋಲ್ಡರ್ಲಿನ್ ವಾಸವಾಗಿದ್ದ ಗೋಪುರವನ್ನು ಕೈಪಿಡಿ ತೋರಿಸುತ್ತದೆ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ನಮಗಿತ್ತ ಫರ್ಡಿನಾಂಡ್ ಕಿಟ್ಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ಕಣ್ಮುಚ್ಚಿದ್ದು ಅದೇ ಊರಿನಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು ನಮ್ಮ ನಗರಕ್ಕೆ ಅಂಟಿಕೊಂಡಂತಿರುವ ಎಸ್ಲಿಂಗೆನ್‌ನಲ್ಲಿ. ಕನ್ನಡಿಗರಿಗೆ ಈ ಎರಡು ಊರುಗಳ ನಕ್ಷತ್ರ ಬೇರೆಯೇ. ಅದನ್ನು ಹಾಕಿಕೊಡಬೇಕಾದವರು ಇಲ್ಲಿರುವ ನಾವು.

ಉದ್ಯೋಗ, ವ್ಯಾಸಂಗಕ್ಕೆಂದು ಬರುವ ಯುವಜನರಿಗೆ ಒಂದು ಮಾತು ಹೇಳಬೇಕು. ಪ್ರವಾಸಿ ಕೈಪಿಡಿ ಬಂದು ಹೋಗುವವರಿಗೆ, ಬಂದು ನೆಲೆಸುವವರಿಗಲ್ಲ. ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಬೇಕೆಂದಾಗಲಿ, ಬಾಡಿಗೆಯ ಜಾಹೀರಾತಿನಲ್ಲಿ ‘ಕಾಲ್ಟ್’ ಎಂದಿದ್ದರೆ ಅದರಲ್ಲಿ ಮನೆ ಬಿಸಿಮಾಡುವ ಖರ್ಚು ಸೇರಿಲ್ಲವೆಂದಾಗಲಿ ಅದು ಹೇಳುವುದಿಲ್ಲ. ಅದಕ್ಕೆ ಸರ್ಕಾರಿ ಇಲಾಖೆಗಳ ಪ್ರಕಟಣೆಗಳನ್ನೇ ನೋಡಬೇಕು. ವೀಸಾ ನಿಯಮಗಳಿಗಂತೂ ಯಾವ ಪುಸ್ತಕವನ್ನೂ ಆಧಾರವಾಗಿ ಹಿಡಿಯಬಾರದು.

ಹಾಗಾದರೆ ಪುಸ್ತಕ ಬೇಕೇ ಬೇಡವೇ? ಬೇಕು ಎಂಬುದೇ ನನ್ನ ಉತ್ತರ. ಮುದ್ರಣದ ವರ್ಷ ನೋಡಿ, ಆದಷ್ಟು ಇತ್ತೀಚಿನ ಆವೃತ್ತಿ ಕೊಳ್ಳಿ. ಹೊರಡುವ ಮುನ್ನವೇ ಓದಿ. ಇತಿಹಾಸ, ನಡವಳಿಕೆ, ತಾಣಗಳ ವಿಷಯದಲ್ಲಿ ನಂಬಿ. ದರ, ಸಮಯ, ನಿಯಮಗಳನ್ನು ಆಯಾ ದಿನವೇ ವಿಚಾರಿಸಿಕೊಳ್ಳಿ. ಹೆತ್ತವರನ್ನು ಕರೆಸಿಕೊಳ್ಳುವ ಮಕ್ಕಳು ಅದರ ಹಿಂಬದಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಅಂಟಿಸಲಿ: ಮನೆಯ ವಿಳಾಸ, ಹತ್ತಿರದ ನಿಲ್ದಾಣದ ಹೆಸರಿನ ಉಚ್ಚಾರಣೆ, 112 ಮತ್ತು 116117, ‘ಮಾಂಸ, ಮೀನು, ಮೊಟ್ಟೆ ಬೇಡ’ ಎಂಬುದರ ಜರ್ಮನ್ ವಾಕ್ಯ, ಕೂತು ಸುಧಾರಿಸಿಕೊಳ್ಳಬಹುದಾದ ಒಂದೆರಡು ಉದ್ಯಾನಗಳು. ನಾನೂರು ಪುಟಗಳ ಕೈಪಿಡಿ ದೇಶವನ್ನು ಪರಿಚಯಿಸುತ್ತದೆ. ಬೀದಿಯ ತಿರುವಿನವರೆಗೆ ಧೈರ್ಯವಾಗಿ ನಡೆದುಹೋಗಿ ಮರಳಿ ಬರಲು ಹಿರಿಯರಿಗೆ ಬೇಕಾಗಿರುವುದು ಆ ಒಂದು ಪುಟ.