ವೆಬ್‌ಕ್ಯಾಮ್ ಎಲ್ಲಿ ಕೂರಬೇಕು?

ಮೀಟಿಂಗ್‌ನಲ್ಲಿ ನಿಮ್ಮ ಮುಖಕ್ಕಿಂತ ಮೂಗಿನ ಹೊಳ್ಳೆ, ಮೇಲಿನ ಫ್ಯಾನೇ ಜಾಸ್ತಿ ಕಾಣ್ತಿದೆಯಾ? ಕ್ಯಾಮೆರಾನ ಬೈಬೇಡಿ, ಸ್ವಲ್ಪ ಎತ್ತರದಲ್ಲಿ ಕೂರಿಸಿ.

ವೆಬ್‌ಕ್ಯಾಮ್ ಮಗುಚಿ ತಳ ನೋಡಿ. ಸ್ಕ್ರೂ ತೂತು ಇದೆಯಾ? ಸಾಮಾನ್ಯವಾಗಿ ಅದು ಕಾಲು ಇಂಚಿನದು. ಫೋಟೋ ಟ್ರೈಪಾಡ್‌ನ ಸ್ಕ್ರೂ ಕೂಡ ಅದೇ ಅಳತೆ. ಅಂದ್ರೆ ಅಟ್ಟದ ಮೇಲೆ ಧೂಳು ತಿಂತಿರೋ ಹಳೇ ಟ್ರೈಪಾಡೇ ಸಾಕು! ಲಾಜಿಟೆಕ್ ಸಿ920ರಲ್ಲಿ ಈ ತೂತು ಇದೆ. ಅಗ್ಗದ ಸಿ270ರಲ್ಲಿ ಇಲ್ಲ, ಅದಕ್ಕೆ ಕ್ಲಿಪ್ಪೇ ಗತಿ.

ಮೇಜಿಗೆ ಕಚ್ಚೋ ಕ್ಲ್ಯಾಂಪ್ ಸ್ಟ್ಯಾಂಡ್ ತಗೊಳ್ಳೋ ಮುಂಚೆ ಹಲಗೆಯ ದಪ್ಪ ಅಳೀರಿ. ಗಾಜಿನ ಮೇಜಾದ್ರೆ ಆ ಆಸೆ ಬಿಡಿ. ಟೈಪ್ ಮಾಡುವಾಗ ಮೇಜು ನಡುಗಿದ್ರೆ ವಿಡಿಯೋದಲ್ಲಿ ನೀವೂ ನಡುಗ್ತೀರಿ.

ಲೆನ್ಸ್ ಕಣ್ಣಿನ ಮಟ್ಟದಲ್ಲಿ, ಒಂಚೂರು ಮೇಲಿದ್ರೂ ಸರಿ. ವೈರ್ ಬಿಗಿಯಾಗಿ ಎಳೀಬೇಡಿ; ಎಷ್ಟೋ ಸಲ ಕ್ಯಾಮೆರಾ ತಲೆ ತಗ್ಗಿಸೋದು ಅದರಿಂದಲೇ.