ಹತ್ತು ಬ್ಯಾಟರಿಗಳಿಗೆ ಒಂದೇ ಚಾರ್ಜರ್

ಪ್ರಶ್ನೆ: ಹತ್ತು ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸಿ ಒಂದೇ ಚಾರ್ಜರಿನಿಂದ ತುಂಬಬಹುದೇ?

ಉತ್ತರ: ಕೂಡದು. ಬರಿದಾದ ಬ್ಯಾಟರಿಯನ್ನು ತುಂಬಿದ ಬ್ಯಾಟರಿಯೊಡನೆ ನೇರವಾಗಿ ಬೆಸೆದರೆ, ಚಾರ್ಜರಿನ ಅಪ್ಪಣೆಗೆ ಕಾಯದೆಯೇ ಒಂದರಿಂದ ಇನ್ನೊಂದಕ್ಕೆ ಪ್ರಬಲವಾದ ವಿದ್ಯುತ್ಪ್ರವಾಹವು ಹರಿದು ಅನರ್ಥವಾದೀತು. ಲಿಥಿಯಂ-ಅಯಾನ್ ಕೋಶವು ಮೊದಲು ಸ್ಥಿರ ಪ್ರವಾಹವನ್ನೂ, ಸಾಮಾನ್ಯವಾಗಿ 4.2 ವೋಲ್ಟನ್ನು ಮುಟ್ಟಿದ ತರುವಾಯ ಸ್ಥಿರ ವೋಲ್ಟೇಜನ್ನೂ ಬಯಸುವುದರಿಂದ, ಮತ್ತು ಆ ಸಂಧಿಕಾಲವು ಪ್ರತಿಯೊಂದಕ್ಕೂ ಬೇರೆಯಾಗಿರುವುದರಿಂದ, ವಿದ್ಯುತ್ತಿನ ಮೂಲವು ಒಂದೇ ಆಗಿದ್ದರೂ ನಿಯಂತ್ರಕ ಮಂಡಲವು ಬ್ಯಾಟರಿಗೊಂದರಂತೆ ಇರತಕ್ಕದ್ದು. ಇನ್ನೊಂದು ತೊಡಕುಂಟು, ನನಗೆ ಅದೇ ಹೆಚ್ಚು ಸ್ವಾರಸ್ಯವಾಗಿ ತೋರುವುದು: ಈ ಬ್ಯಾಟರಿಗಳು ತಮ್ಮ ಸ್ಥಿತಿಯನ್ನು ಎಸ್‌ಎಂಬಸ್ ಎಂಬ ತಂತಿಜೋಡಿಯ ಮೂಲಕ ಅರುಹುವುವಾದರೂ, ಪ್ರಮಾಣಬದ್ಧ ಸ್ಮಾರ್ಟ್ ಬ್ಯಾಟರಿಗಳೆಲ್ಲಕ್ಕೂ ವಿಳಾಸವೊಂದೇ ಆದುದರಿಂದ, ಒಂದನ್ನು ಕರೆದರೆ ಹತ್ತೂ ಏಕಕಾಲಕ್ಕೆ ಓಗೊಡುವುವು, ಆದಕಾರಣ ಒಂದೊಂದನ್ನೇ ಮಾತನಾಡಿಸುವ ಮಲ್ಟಿಪ್ಲೆಕ್ಸರ್ ಅವಶ್ಯ. ಇನ್ನು ಶಕ್ತಿಯ ಲೆಕ್ಕ: ಮೂರು ಕೋಶಗಳ ಸರಣಿಯುಳ್ಳ ಬ್ಯಾಟರಿಗಳೆಂದುಕೊಂಡರೆ, 12.6 ವೋಲ್ಟಿನಲ್ಲಿ ತಲಾ 2 ಆಂಪಿಯರ್ ಎಂದರೂ ಹತ್ತಕ್ಕೆ ಸುಮಾರು 250 ವಾಟ್ ಬೇಕು. ಅವಸರವಿಲ್ಲದವರು ಸರದಿಯಲ್ಲಿ ತುಂಬಿಸಿಕೊಳ್ಳಬಹುದು.